ಓದುಗರ ಪ್ರಶ್ನೆ, ನಮ್ಮ ಉತ್ತರ: ಫೋರ್ಟಿನ ಟೌನ್‌ಹಾಲ್

ಮುಂಬಯಿ ಫೋರ್ಟ್ ಭಾಗದ ಹಾರ್ನಿಮನ್ ಸರ್ಕಲ್‌ನ ಟೌನ್‌ಹಾಲ್ ಬಗ್ಗೆ ಕೇಳುವುದೇನಾದರೂ ಇದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಕೋರಿದ್ದೆವು. ಒಂದೇ ವಿಷಯದ ಪತ್ರಗಳನ್ನು ಸೇರಿಸಿ ಒಂದೊಂದು ಪ್ರಶ್ನೆಯಾಗಿ ಕೊಟ್ಟಿದ್ದೇವೆ. ಆ ಮೆಟ್ಟಿಲ ಮೇಲೆ ಕೂತು ಫೋಟೊ ತೆಗೆಸಿಕೊಂಡ ಕನ್ನಡಿಗರು ಮುಂಬಯಿಯಲ್ಲಿ ಬೇಕಾದಷ್ಟು ಜನ. ಬಾಗಿಲು ದಾಟಿ ಒಳಗೆ ಹೋದವರು ತೀರ ಕಡಿಮೆ. ಹಾಗಾಗಿ ಒಳಗೆ ಏನಿದೆ, ಅದರಿಂದ ನಮಗೇನು ಉಪಯೋಗ ಎಂಬುದಕ್ಕೇ ಹೆಚ್ಚು ಜಾಗ ಬಿಟ್ಟಿದ್ದೇವೆ.

ಪ್ರಶ್ನೆ: ಮಹಾನಗರಪಾಲಿಕೆ ಇರುವುದು ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರಿಗೆ. ಹಾಗಿದ್ದ ಮೇಲೆ ಹಾರ್ನಿಮನ್ ಸರ್ಕಲ್‌ನ ಕಂಬಗಳ ಕಟ್ಟಡಕ್ಕೆ ಟೌನ್‌ಹಾಲ್ ಎಂಬ ಹೆಸರು ಯಾಕೆ? ಕೆಲವರು ಏಷ್ಯಾಟಿಕ್ ಲೈಬ್ರರಿ ಅನ್ನುತ್ತಾರೆ, ಕೆಲವರು ಸೆಂಟ್ರಲ್ ಲೈಬ್ರರಿ ಅನ್ನುತ್ತಾರೆ. ಯಾವುದು ಸರಿ? (ಡೊಂಬಿವಲಿ)

ಉತ್ತರ: ಮೂರೂ ಸರಿ. ಕಟ್ಟಡದ ಹೆಸರು ಟೌನ್‌ಹಾಲ್. ಅದರೊಳಗಿರುವ ಹಳೆಯ ವಿದ್ವತ್ ಸಂಸ್ಥೆ ಮುಂಬಯಿ ಏಷ್ಯಾಟಿಕ್ ಸೊಸೈಟಿ. ಅದೇ ಕಟ್ಟಡದಲ್ಲಿ ರಾಜ್ಯ ಸರ್ಕಾರದ ಸೆಂಟ್ರಲ್ ಲೈಬ್ರರಿ ಬೇರೆಯಾಗಿಯೇ ನಡೆಯುತ್ತದೆ. ನೆಲ ಅಂತಸ್ತಿನಲ್ಲಿ ಸರ್ಕಾರದ ಜನರಲ್ ಸ್ಟ್ಯಾಂಪ್ ಆಫೀಸೂ ಇದೆ. ಒಂದೇ ಸೂರಿನ ಕೆಳಗೆ ಇಷ್ಟೊಂದು ಮನೆಗಳು ಹೇಗೆ ಸೇರಿಕೊಂಡವು ಎಂಬುದೇ ಈ ಕಟ್ಟಡದ ಚರಿತ್ರೆ.

ಬೊಂಬಾಯಿಯ ರಿಕಾರ್ಡರ್, ಎಂದರೆ ಆಗಿನ ಮುಖ್ಯ ನ್ಯಾಯಾಧೀಶ, ಸರ್ ಜೇಮ್ಸ್ ಮ್ಯಾಕಿಂಟೋಷ್ 1804ರ ನವೆಂಬರ್ 26ರಂದು ಲಿಟರರಿ ಸೊಸೈಟಿ ಎಂಬ ಒಂದು ಓದುಗರ ಕೂಟ ಆರಂಭಿಸಿದರು. ಪುಸ್ತಕಗಳು ಸೇರುತ್ತ ಹೋದವು, ಇಡಲು ಸರಿಯಾದ ಜಾಗವಿರಲಿಲ್ಲ. ಊರಿನ ಸಭೆ ಸಮಾರಂಭಕ್ಕೂ ದೊಡ್ಡ ಹಾಲ್ ಇರಲಿಲ್ಲ. ಎರಡಕ್ಕೂ ಸೇರಿ ಒಂದೇ ಕಟ್ಟಡ ಕಟ್ಟೋಣ ಎಂಬ ಮಾತು 1811ರಲ್ಲಿ ಎದ್ದಿತು. ಹಣಕ್ಕಾಗಿ ಲಾಟರಿ ನಡೆಸಿದರು, ಅದು ಎಲ್ಲಿಗೂ ಸಾಲಲಿಲ್ಲ. ಕೆಲಸ ಶುರುವಾಗಿ ನಿಂತು, ಮತ್ತೆ ಶುರುವಾಗಿ, ಮುಗಿಯುವಾಗ 1833 ಬಂದಿತ್ತು. ಉಳಿದ ಹಣವನ್ನು ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಕೊಟ್ಟಿತು. ಅದಕ್ಕೆ ಬದಲಾಗಿ ಒಳಗೆ ತನ್ನ ಕಚೇರಿಗಳಿಗೆ ಜಾಗ ಕೇಳಿ ಪಡೆಯಿತು. ಇಂದಿಗೂ ಪುಸ್ತಕದ ಕೋಣೆಗಳ ಕೆಳಗೆ ಸ್ಟ್ಯಾಂಪ್ ಆಫೀಸು ಇರುವುದು ಕಂಡು ಆಶ್ಚರ್ಯಪಡುವವರು ಈ ಹಳೆಯ ಒಪ್ಪಂದವನ್ನು ನೆನೆಯಬೇಕು.

ಆ ಕಾಲಕ್ಕೆ ಟೌನ್‌ಹಾಲ್ ಎಂದರೆ ಊರಿನವರು ಸೇರುವ ದೊಡ್ಡ ಚಾವಡಿ ಎಂದರ್ಥ, ಪಾಲಿಕೆಯ ಕಚೇರಿ ಎಂದಲ್ಲ. 1858ರ ನವೆಂಬರ್ 1ರಂದು ಕಂಪನಿ ಆಡಳಿತ ಮುಗಿದು ರಾಣಿಯ ಆಡಳಿತ ಬಂತು ಎಂಬ ಘೋಷಣೆಯನ್ನು ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್ ಓದಿಸಿದ್ದು ಇದೇ ಮೆಟ್ಟಿಲುಗಳಿಂದ. ಮುಂಬಯಿ ವಿಶ್ವವಿದ್ಯಾಲಯಕ್ಕೆ 1874ರಲ್ಲಿ ಸ್ವಂತ ಕಾನ್ವೊಕೇಶನ್ ಹಾಲ್ ಆಗುವ ತನಕ ಪದವಿ ಪ್ರದಾನ ಇಲ್ಲೇ ನಡೆಯುತ್ತಿತ್ತು. ಪಾಲಿಕೆಯ ಸಭೆಗಳಿಗೂ ಈ ಹಾಲೇ ಆಸರೆಯಾಗಿತ್ತು. ಸಿಎಸ್‌ಎಂಟಿ ಎದುರಿನ ಪಾಲಿಕೆ ಕಟ್ಟಡ ಎದ್ದದ್ದು 1893ರಲ್ಲಿ.

ಸೊಸೈಟಿಯ ಹೆಸರು ಬದಲಾದದ್ದನ್ನೂ ತಿಳಿದಿರಬೇಕು, ಹಳೆಯ ಸಂಪುಟ ಹುಡುಕುವಾಗ ಇದೇ ಎಡವುವ ಜಾಗ. 1830ರ ಹೊತ್ತಿಗೆ ಅದು ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಬಾಂಬೆ ಶಾಖೆಯಾಯಿತು. 1950ರ ದಶಕದಲ್ಲಿ ಲಂಡನ್ನಿನಿಂದ ಬಿಡಿಸಿಕೊಂಡು ಬಾಂಬೆ ಏಷ್ಯಾಟಿಕ್ ಸೊಸೈಟಿ ಆಯಿತು. 2002ರಿಂದ ಮುಂಬಯಿ ಏಷ್ಯಾಟಿಕ್ ಸೊಸೈಟಿ. ಆರಂಭದಲ್ಲಿ ಬಿಳಿಯರೇ ತುಂಬಿದ್ದ ಈ ಸಂಸ್ಥೆಗೆ ಮೊದಲ ಭಾರತೀಯ ಅಧ್ಯಕ್ಷರಾದವರು ನ್ಯಾಯಮೂರ್ತಿ ಕಾಶೀನಾಥ ತ್ರ್ಯಂಬಕ ತೇಲಂಗ್, 1892ರಲ್ಲಿ. ಧರ್ಮಶಾಸ್ತ್ರದ ಮಹಾಪಂಡಿತ, ಭಾರತರತ್ನ ಪಾಂಡುರಂಗ ವಾಮನ ಕಾಣೆ ಅವರಿಗೆ ದಶಕಗಳ ಕಾಲ ಇದೇ ಗ್ರಂಥಾಲಯ ಓದಿನ ಮನೆಯಾಗಿತ್ತು.

ಪ್ರಶ್ನೆ: ಟೌನ್‌ಹಾಲ್ ಕಂಬಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವು, ಹೆಚ್ಚಾದವನ್ನು ಭಾಯಖಳಾದ ಇಗರ್ಜಿಗೆ ಹಾಕಿದರು ಎಂದು ಕೇಳಿದ್ದೇವೆ. ನಿಜವೇ? ನೋಡಲು ಹೋದರೆ ಯಾವುದನ್ನು ಗಮನಿಸಬೇಕು? (ಮುಲುಂಡ್)

ಉತ್ತರ: ಮುಂಬಯಿಯ ಹಳೆಯ ಬರಹಗಳು ಹಾಗೆಯೇ ಹೇಳುತ್ತವೆ. ಬಂದ ಕಲ್ಲುಗಳು ಅಂದುಕೊಂಡದ್ದಕ್ಕಿಂತ ಭಾರಿಯಾಗಿದ್ದು, ಕೆಲವನ್ನು ಭಾಯಖಳಾದ ಕ್ರೈಸ್ಟ್ ಚರ್ಚ್‌ಗೆ ಕೊಟ್ಟರು ಎಂಬ ವಿವರಣೆ ಅವುಗಳಲ್ಲಿದೆ.

ಕಟ್ಟಡದ ನಕ್ಷೆ ಬಾಂಬೆ ಎಂಜಿನಿಯರ್ಸ್ ದಳದ ಕರ್ನಲ್ ಥಾಮಸ್ ಕೂಪರ್ ಅವರದು. ಮುಂಭಾಗದ ಉದ್ದ ಸುಮಾರು 260 ಅಡಿ, ಹತ್ತಲು 30 ಮೆಟ್ಟಿಲು, ಎದುರಿಗೆ 8 ಕಂಬ. ಹೊರಗಿನ ಕಂಬಗಳು ಡೋರಿಕ್, ಒಳಗಿನ ಅಲಂಕಾರ ಕೊರಿಂಥಿಯನ್. ಈ ಎರಡನ್ನೂ ಗುರುತಿಸುವುದು ಸುಲಭ, ಕಂಬದ ತಲೆ ನೋಡಿದರೆ ಸಾಕು. ಡೋರಿಕ್ ಕಂಬದ ತಲೆಯ ಮೇಲೆ ಅಗಲ ಬಟ್ಟಲಿನಂಥ ಸರಳ ದಿಂಡು, ಅದರ ಮೇಲೊಂದು ಚೌಕ ಹಲಗೆಕಲ್ಲು, ಅಷ್ಟೇ. ಕೊರಿಂಥಿಯನ್ ಕಂಬದ ತಲೆಯಲ್ಲಿ ಎಲೆಗಳ ಗೊಂಚಲು ಕೊರೆದಿರುತ್ತದೆ. ಗ್ರೀಕ್ ಡೋರಿಕ್‌ನ ಇನ್ನೊಂದು ಗುರುತು ಬುಡದಲ್ಲಿದೆ: ನಮ್ಮ ದೇವಸ್ಥಾನದ ಕಂಬಕ್ಕಿರುವಂತೆ ಪೀಠ ಇರುವುದಿಲ್ಲ, ನೆಲದಿಂದಲೇ ನೇರ ಏಳುತ್ತದೆ, ಮೇಲಕ್ಕೆ ಹೋದಂತೆ ತುಸು ಸಣ್ಣಗಾಗುತ್ತದೆ. ಬೆಳಗಿನ ಬಿಸಿಲಿಗೆ ಕಟ್ಟಡದ ಬೆನ್ನಿರುತ್ತದೆ, ಏಕೆಂದರೆ ಮುಖ ಪಶ್ಚಿಮಕ್ಕೆ. ಕಂಬದ ನೆರಳು ಬೆಳಕು ನೋಡಬೇಕಾದವರು ಮಧ್ಯಾಹ್ನ ಮೂರೂವರೆಯ ನಂತರ ಹೋಗಿ.

ಒಳಗೆ ಮರದ ನೆಲಹಾಸು, ಸುರುಳಿ ಮೆಟ್ಟಿಲು, ಕಬ್ಬಿಣದ ಕಲೆಗಾರಿಕೆಯ ಕಟಾಂಜನ, ಅಮೃತಶಿಲೆಯ ಪ್ರತಿಮೆಗಳು. ಪ್ರತಿಮೆಗಳಲ್ಲಿ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಮತ್ತು ಜಾನ್ ಮಾಲ್ಕಂ ಅವರದು ಇಂಗ್ಲೆಂಡಿನ ಪ್ರಸಿದ್ಧ ಶಿಲ್ಪಿ ಚಾಂಟ್ರಿಯ ಕೈಕೆಲಸ. ಜಮಶೇಟ್‌ಜಿ ಜೀಜೀಭಾಯ್, ಜಗನ್ನಾಥ ಶಂಕರಶೇಟ್ ಅವರೂ ಇದ್ದಾರೆ. ನಗರದ ಶಾಲೆ, ಆಸ್ಪತ್ರೆ, ರೈಲು ಯಾವುದರ ಚರಿತ್ರೆ ತೆಗೆದರೂ ಈ ಇಬ್ಬರ ಹೆಸರು ಬರುತ್ತದೆ, ಅವರ ಮುಂದೆ ಎರಡು ನಿಮಿಷ ನಿಲ್ಲಿ.

ಪ್ರಶ್ನೆ: ನಾನು ಎಂ.ಎ. ವಿದ್ಯಾರ್ಥಿನಿ. ಅಲ್ಲಿ ಕೂತು ಓದಲು ಬಿಡುತ್ತಾರೆಯೇ? ಹೋಗುವುದು ಹೇಗೆ, ಏನೇನು ಒಯ್ಯಬೇಕು? (ವಾಶಿ)

ಉತ್ತರ: ಮೊದಲು ನಿಮಗೆ ಬೇಕಾದ್ದು ಎರಡರಲ್ಲಿ ಯಾವ ಗ್ರಂಥಾಲಯ ಎಂದು ನಿರ್ಧರಿಸಿ. ಈಚಿನ ದಶಕಗಳ ಪ್ರಕಟಣೆಗಳು ಬೇಕಿದ್ದರೆ ಸೆಂಟ್ರಲ್ ಲೈಬ್ರರಿ. 19ನೇ ಶತಮಾನದ ಗ್ರಂಥ, ಹಳೆಯ ಪತ್ರಿಕೆ, ಹಸ್ತಪ್ರತಿ, ನಕ್ಷೆ, ನಾಣ್ಯ ಬೇಕಿದ್ದರೆ ಸೊಸೈಟಿ. ಸೊಸೈಟಿಯ ಸಂಗ್ರಹ ಒಂದು ಲಕ್ಷ ಪುಸ್ತಕಗಳಿಗೂ ಮೀರಿದ್ದು. ಅದರಲ್ಲಿ ಸುಮಾರು 15,000 ಅಪರೂಪದವು. ಸಂಸ್ಕೃತ, ಪ್ರಾಕೃತ, ಪಾರ್ಸಿ ಮುಂತಾದ ಭಾಷೆಗಳ ಹಸ್ತಪ್ರತಿ ಸುಮಾರು 3,000, ನಾಣ್ಯ 10,000ಕ್ಕೂ ಹೆಚ್ಚು. ಇಟಲಿಯ ಮಹಾಕವಿ ದಾಂತೆಯ ಕಾವ್ಯದ ಪುರಾತನ ಹಸ್ತಪ್ರತಿಯೂ ಇಲ್ಲಿದೆ. ಅದನ್ನು ದಿನಾ ಹೊರಗೆ ತೆಗೆಯುವುದಿಲ್ಲ, ಬಂದವರೆಲ್ಲ ಅದನ್ನೇ ಕೇಳಿ ನಿರಾಶರಾಗುತ್ತಾರೆ.

ಸೊಸೈಟಿಯಲ್ಲಿ ಸದಸ್ಯತ್ವ ಪಡೆದು ಓದುವುದೇ ನೇರ ದಾರಿ. ಸಂಶೋಧನೆಗೆ ಬರುವವರು ತಮ್ಮ ಕಾಲೇಜು ಅಥವಾ ವಿಭಾಗದ ಮುಖ್ಯಸ್ಥರ ಪತ್ರ, ಫೋಟೊ ಇರುವ ಗುರುತಿನ ಚೀಟಿ, ಅದರ ಝೆರಾಕ್ಸ್ ಪ್ರತಿ ಒಯ್ಯಬೇಕು. ಪತ್ರದಲ್ಲಿ ‘ಸಂಶೋಧನೆಗಾಗಿ’ ಎಂದು ಮಾತ್ರ ಬರೆದರೆ ಗ್ರಂಥಪಾಲಕರಿಗೆ ಏನು ತೆಗೆಯಬೇಕೆಂದು ತಿಳಿಯುವುದಿಲ್ಲ. ವಿಷಯ, ಕಾಲಾವಧಿ, ಬೇಕಾದ ನಾಲ್ಕೈದು ಪುಸ್ತಕ ಅಥವಾ ಸಂಪುಟದ ಹೆಸರು ಬರೆಸಿ. ಶುಲ್ಕ ಮತ್ತು ವೇಳೆ ಬದಲಾಗುತ್ತಿರುತ್ತವೆ, ಹೊರಡುವ ಮೊದಲು ಫೋನ್ ಮಾಡಿ ವಿಚಾರಿಸಿ.

ಹಾಗೆ ಹೊರಡುವುದಕ್ಕೂ ಮುಂಚೆ ಮನೆಯಲ್ಲೇ ಗ್ರಂಥ ಸಂಜೀವನಿ ಜಾಲತಾಣ ತೆರೆದು ನೋಡಿ. ಸೊಸೈಟಿ ತನ್ನ ಹಳೆಯ ಸಂಗ್ರಹವನ್ನು ಸ್ಕ್ಯಾನ್ ಮಾಡಿ ಅಲ್ಲಿ ಏರಿಸುತ್ತಿದೆ. ನಿಮಗೆ ಬೇಕಾದದ್ದು ಅಲ್ಲೇ ಸಿಕ್ಕಿದರೆ ಆ ಪುಸ್ತಕಕ್ಕೆ ಒಂದು ಸಲದ ಕೈಬಳಕೆಯ ಸವೆತವಾದರೂ ತಪ್ಪುತ್ತದೆ.

ಓದುವ ಕೋಣೆಗೆ ಪೆನ್ಸಿಲ್ ಒಯ್ಯಿರಿ, ಪೆನ್ ಬೇಡ. ಕಾಗದ ಮುರಿಯುವಷ್ಟು ಒಣಗಿದ ಸಂಪುಟವನ್ನು ಮೇಜಿನ ಮೇಲೆ ಪೂರ್ತಿ ಅಂಗಾತ ಬಿಡಿಸಬೇಡಿ. ಎರಡೂ ಕಡೆ ಆಸರೆ ಕೊಟ್ಟು ಅರ್ಧ ತೆರೆದೇ ಓದಿ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುವ ಅಭ್ಯಾಸ ಇದ್ದವರು ಆ ದಿನದ ಮಟ್ಟಿಗಾದರೂ ಬಿಡಬೇಕು.

ದಾರಿ: ವಾಶಿಯಿಂದ ಹಾರ್ಬರ್ ಲೈನಿನಲ್ಲಿ ಸಿಎಸ್‌ಎಂಟಿಗೆ ಬಂದು ಅಲ್ಲಿಂದ ನಡೆದರೆ 15ರಿಂದ 20 ನಿಮಿಷ. ಚರ್ಚ್‌ಗೇಟಿನಿಂದ ಬರುವವರಿಗೆ ವೀರ್ ನರೀಮನ್ ರಸ್ತೆ ಹಿಡಿದರೆ ತಿರುವೇ ಇಲ್ಲ: ಫ್ಲೋರಾ ಫೌಂಟನ್, ಸೇಂಟ್ ಥಾಮಸ್ ಕ್ಯಾಥೆಡ್ರಲ್, ಹಾರ್ನಿಮನ್ ಸರ್ಕಲ್‌ನ ತೋಟ, ಅದರ ಆಚೆ ಟೌನ್‌ಹಾಲ್. ಮೆಟ್ರೊದಲ್ಲಿ ಬಂದರೆ ಹುತಾತ್ಮ ಚೌಕ್ ನಿಲ್ದಾಣ. ಮೆಟ್ಟಿಲು ಹತ್ತಲು ಕಷ್ಟವಿರುವವರು ಫೋನ್ ಮಾಡುವಾಗಲೇ ಅದನ್ನೂ ಹೇಳಿಡಿ.

ಪ್ರಶ್ನೆ: ಮರಾಠಿ, ಸಂಸ್ಕೃತ, ಪಾರ್ಸಿ ಎಲ್ಲ ಸರಿ. ಕನ್ನಡಕ್ಕೆ ಸಂಬಂಧಿಸಿದ್ದು ಅಲ್ಲಿ ಏನಾದರೂ ಇದೆಯೇ? (ಪುಣೆ)

ಉತ್ತರ: ಇದೆ, ಅದೂ ಅಡಿಪಾಯದ ಮಟ್ಟದ್ದು. ಧಾರವಾಡ, ಬೆಳಗಾವಿ, ವಿಜಾಪುರದ ಸೀಮೆಯೆಲ್ಲ ಬೊಂಬಾಯಿ ಪ್ರಾಂತಕ್ಕೆ ಸೇರಿತ್ತು. ಮದ್ರಾಸಿನ ಕೈಲಿದ್ದ ಉತ್ತರ ಕನ್ನಡವೂ 1862ರಲ್ಲಿ ಬೊಂಬಾಯಿಗೆ ಬಂತು. ಹೀಗಾಗಿ ಆ ಭಾಗದ ಶಾಸನಗಳ ಮೇಲಿನ ಮೊದಮೊದಲ ಗಂಭೀರ ಕೆಲಸ ಈ ಸೊಸೈಟಿಯ ಜರ್ನಲ್‌ನಲ್ಲೇ ಅಚ್ಚಾಯಿತು. 1867ರಲ್ಲಿ ಸಿವಿಲ್ ಸರ್ವೀಸಿಗೆ ಬಂದ ಜಾನ್ ಫೇತ್‌ಫುಲ್ ಫ್ಲೀಟ್ ಅವರು ಹಳಗನ್ನಡ ಕಲಿತು, ಗೋವೆಯ ಕದಂಬರ ಶಾಸನಗಳನ್ನು ಜರ್ನಲ್‌ನ 9ನೇ ಸಂಪುಟದಲ್ಲೂ ಸವದತ್ತಿ ಮತ್ತು ಬೆಳಗಾವಿಯ ರಟ್ಟ ಅರಸರ ಶಾಸನಗಳನ್ನು 10ನೇ ಸಂಪುಟದಲ್ಲೂ ಪ್ರಕಟಿಸಿದರು. 1883ರಲ್ಲಿ ಭಾರತ ಸರ್ಕಾರದ ಮೊತ್ತಮೊದಲ ಶಾಸನತಜ್ಞರಾಗಿ ನೇಮಕವಾದವರೂ ಅವರೇ. ಕವಿರಾಜಮಾರ್ಗವನ್ನು ಸಂಪಾದಿಸಿದ ಕೆ. ಬಿ. ಪಾಠಕರ ಲೇಖನಗಳೂ ಈ ಜರ್ನಲ್‌ನಲ್ಲಿವೆ.

ಹುಡುಕುವಾಗ ಒಂದು ಎಚ್ಚರ. ‘ಕನ್ನಡ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಆಗಿನವರು ಕೆನರೀಸ್ ಎಂದು ಬರೆಯುತ್ತಿದ್ದರು, ಅದನ್ನೂ ಕೆಲವರು ಇಂಗ್ಲಿಷಿನ ಸಿ ಅಕ್ಷರದಿಂದ, ಕೆಲವರು ಕೆ ಅಕ್ಷರದಿಂದ. ಎರಡನ್ನೂ ಹಾಕಿ ನೋಡಿ. ಊರಿನ ಹೆಸರೂ ಹಾಗೆಯೇ: ಧಾರವಾಡ ಧಾರ್ವಾರ್ ಆಗಿರುತ್ತದೆ, ವಿಜಾಪುರ ಜಿಲ್ಲೆಯ ವಿಷಯ ಹಳೆಯ ದಾಖಲೆಗಳಲ್ಲಿ ಕಲಾದಗಿಯ ಕೆಳಗೆ ಅಡಗಿರುತ್ತದೆ. ಜರ್ನಲ್ ಆಫ್ ದ ಬಾಂಬೆ ಬ್ರಾಂಚ್ ಆಫ್ ದ ರಾಯಲ್ ಏಷ್ಯಾಟಿಕ್ ಸೊಸೈಟಿ ಎಂಬ ಹೆಸರನ್ನು ವಿದ್ವಾಂಸರು ಜೆಬಿಬಿಆರ್‌ಎಎಸ್ ಎಂದು ಮೊಟಕಾಗಿ ಬರೆಯುತ್ತಾರೆ. ಅದು ಕಂಡರೆ ಇದೇ ಮನೆಯ ಪ್ರಕಟಣೆ ಎಂದು ತಿಳಿಯಿರಿ.

ಪ್ರಶ್ನೆ: ನಮ್ಮ ಅಜ್ಜ 1920ರ ದಶಕದಲ್ಲಿ ಒಂದು ಕನ್ನಡ ಪುಸ್ತಕ ಅಚ್ಚು ಹಾಕಿಸಿದ್ದರಂತೆ. ಮನೆಯಲ್ಲಿ ಒಂದು ಪ್ರತಿಯೂ ಉಳಿದಿಲ್ಲ. ಟೌನ್‌ಹಾಲಿನಲ್ಲಿ ಸಿಗಬಹುದೇ? (ಥಾಣೆ)

ಉತ್ತರ: ಪುಸ್ತಕ ಹುಡುಕುವುದಕ್ಕೂ ಮೊದಲು ಅದರ ದಾಖಲೆ ಹುಡುಕಿ. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಪ್ರಕಾರ ಅಚ್ಚಾದ ಪ್ರತಿ ಪುಸ್ತಕವನ್ನೂ ಸರ್ಕಾರಕ್ಕೆ ಒಪ್ಪಿಸಬೇಕಿತ್ತು, ಪ್ರಾಂತ ಸರ್ಕಾರ ಮೂರು ತಿಂಗಳಿಗೊಮ್ಮೆ ಅವುಗಳ ಪಟ್ಟಿ ಹೊರಡಿಸುತ್ತಿತ್ತು. ಆ ಪಟ್ಟಿಯಲ್ಲಿ ಪುಸ್ತಕದ ಹೆಸರು, ಭಾಷೆ, ಬರೆದವರು, ವಿಷಯ, ಅಚ್ಚಾದ ಊರು, ಮುದ್ರಕರು ಮತ್ತು ಪ್ರಕಾಶಕರ ಹೆಸರು, ಹೊರಬಂದ ದಿನಾಂಕ, ಪುಟಗಳ ಸಂಖ್ಯೆ, ಆಕಾರ, ಎಷ್ಟನೇ ಮುದ್ರಣ, ಎಷ್ಟು ಪ್ರತಿ, ಅಚ್ಚುಮೊಳೆಯದೋ ಕಲ್ಲಚ್ಚಿನದೋ, ಬೆಲೆ ಎಷ್ಟು, ಹಕ್ಕು ಯಾರದು, ಇಷ್ಟೂ ಇರುತ್ತದೆ. ಮೊಮ್ಮಕ್ಕಳಿಗೆ ಅಜ್ಜನ ಪುಸ್ತಕದ ಬಗ್ಗೆ ಇದಕ್ಕಿಂತ ಹೆಚ್ಚಿನ ವಿವರ ಕೊಡುವ ಸಾಲು ಬೇರೆಲ್ಲೂ ಸಿಗದು.

ಆದರೆ ಇಲ್ಲೇ ನಮ್ಮ ಮುಂಬಯಿ ಕನ್ನಡಿಗರು ತಪ್ಪು ಮಾಡುವುದು. ಪುಸ್ತಕ ಧಾರವಾಡ, ಬೆಳಗಾವಿ, ಕಾರವಾರ ಅಥವಾ ಮುಂಬಯಿಯಲ್ಲಿ ಅಚ್ಚಾಗಿದ್ದರೆ ಮಾತ್ರ ಬೊಂಬಾಯಿ ಪ್ರಾಂತದ ಪಟ್ಟಿ ನೋಡಬೇಕು. ಮಂಗಳೂರು, ಉಡುಪಿಯಲ್ಲಿ ಅಚ್ಚಾಗಿದ್ದರೆ ಅದು ಮದ್ರಾಸ್ ಪ್ರಾಂತ. ಚೆನ್ನೈಯ ಕನ್ನೆಮರಾ ಗ್ರಂಥಾಲಯದಲ್ಲಿ ವಿಚಾರಿಸಬೇಕು. ಮೈಸೂರು, ಬೆಂಗಳೂರಾದರೆ ಮೈಸೂರು ಸಂಸ್ಥಾನದ ದಾಖಲೆ. ಲೇಖಕರು ಮುಂಬಯಿಯಲ್ಲಿ ನೌಕರಿಯಲ್ಲಿದ್ದರೂ ಪುಸ್ತಕವನ್ನು ಊರಿನ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿರಬಹುದು. ಆದ್ದರಿಂದ ಮನೆಯ ಹಿರಿಯರಲ್ಲಿ ಮೊದಲು ಕೇಳಬೇಕಾದದ್ದು ಪ್ರೆಸ್ಸು ಯಾವ ಊರಿನದು ಎಂದು. ಪ್ರಾಂತಗಳ ಈ ಪಟ್ಟಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ಇವೆ.

ಪ್ರಶ್ನೆ: ನನ್ನ ಕವನ ಸಂಕಲನ ನಾನೇ ಪ್ರಕಟಿಸುತ್ತಿದ್ದೇನೆ. ಟೌನ್‌ಹಾಲಿಗೆ ಒಂದು ಪ್ರತಿ ಕಳಿಸಲೇಬೇಕು ಎಂದು ಗೆಳೆಯರು ಹೇಳಿದರು. ಕಡ್ಡಾಯವೇ? (ಮೀರಾ ರೋಡ್)

ಉತ್ತರ: ಹೌದು, ಕಡ್ಡಾಯ. 1954ರ ಪುಸ್ತಕ ಒಪ್ಪಿಸುವ ಕಾಯ್ದೆಯ ಪ್ರಕಾರ ಭಾರತದಲ್ಲಿ ಪ್ರಕಟವಾದ ಯಾವುದೇ ಭಾಷೆಯ ಪುಸ್ತಕದ ಒಂದೊಂದು ಪ್ರತಿ ನಾಲ್ಕು ಕಡೆಗೆ ಹೋಗಬೇಕು: ಕೋಲ್ಕತ್ತಾದ ನ್ಯಾಷನಲ್ ಲೈಬ್ರರಿ, ಚೆನ್ನೈಯ ಕನ್ನೆಮರಾ, ದೆಹಲಿ ಪಬ್ಲಿಕ್ ಲೈಬ್ರರಿ ಮತ್ತು ನಮ್ಮ ಟೌನ್‌ಹಾಲಿನ ಸೆಂಟ್ರಲ್ ಲೈಬ್ರರಿ. ಪ್ರಕಟವಾದ 30 ದಿನದೊಳಗೆ, ಪ್ರಕಾಶಕರ ಸ್ವಂತ ಖರ್ಚಿನಲ್ಲಿ. ಇಲ್ಲಿ ಪ್ರಕಾಶಕರು ನೀವೇ.

ಕೋಲ್ಕತ್ತಾಕ್ಕೆ ಹೋಗುವ ಪ್ರತಿ ನೀವು ಅಚ್ಚು ಹಾಕಿದ ಅತ್ಯುತ್ತಮ ಕಾಗದದ್ದು, ಹೊಲಿದು ಕಟ್ಟಿದ್ದು, ಚಿತ್ರಗಳೆಲ್ಲ ಇರುವಂಥದ್ದಾಗಿರಬೇಕು. ಉಳಿದ ಮೂರಕ್ಕೆ ಅಂಗಡಿಯಲ್ಲಿ ಮಾರುವ ಸಾಮಾನ್ಯ ಪ್ರತಿಯೇ ಸಾಕು. ಮುಂದೆ ಒಂದಕ್ಷರವೂ ಬದಲಿಸದೆ ಮರುಮುದ್ರಣ ಮಾಡಿದರೆ ಮತ್ತೆ ಕಳಿಸಬೇಕಾಗಿಲ್ಲ. ಒಂದು ಮುನ್ನುಡಿ ಸೇರಿಸಿದರೂ ಕಳಿಸಬೇಕು. ತಪ್ಪಿದರೆ 50 ರೂಪಾಯಿ ತನಕ ದಂಡ, ಜೊತೆಗೆ ಪುಸ್ತಕದ ಬೆಲೆ. ದಂಡ ಸಣ್ಣದಾದ್ದರಿಂದಲೇ ಬಹಳ ಜನ ಕಳಿಸುವುದಿಲ್ಲ, ನಷ್ಟ ಮಾತ್ರ ದೊಡ್ಡದು. ಮುನ್ನೂರು ಪ್ರತಿ ಅಚ್ಚಾಗಿ ನೆಂಟರಿಷ್ಟರ ಮನೆಯಲ್ಲೇ ಮುಗಿಯುವ ಪುಸ್ತಕವನ್ನು ಐವತ್ತು ವರ್ಷದ ಮೇಲೆ ಯಾರಾದರೂ ಹುಡುಕಿದರೆ ಸಿಗಬಹುದಾದ ಜಾಗ ಈ ನಾಲ್ಕೇ.

ಪ್ರತಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ಅಥವಾ ಕೈಯಾರೆ ಕೊಟ್ಟು ಲಿಖಿತ ರಸೀದಿ ಪಡೆಯಿರಿ. ರಸೀದಿ ಕೊಡುವುದು ಅವರ ಕರ್ತವ್ಯ. ಜೊತೆಗೊಂದು ಪತ್ರವಿಟ್ಟು ಪುಸ್ತಕದ ಹೆಸರು, ನಿಮ್ಮ ಹೆಸರು, ಪ್ರಕಾರ, ವರ್ಷ, ಪುಟ, ಬೆಲೆಯನ್ನು ಇಂಗ್ಲಿಷ್ ಅಥವಾ ಮರಾಠಿಯಲ್ಲೂ ಬರೆದಿಡಿ. ಕನ್ನಡ ಓದಲು ಬಾರದ ಸಿಬ್ಬಂದಿಯ ಕೈಯಲ್ಲಿ ಸಂಕಲನ ಕಾದಂಬರಿಯಾಗಿ ದಾಖಲಾಗುವುದು ಇದರಿಂದ ತಪ್ಪುತ್ತದೆ.

ಪ್ರಶ್ನೆ: ನಮ್ಮ ಸೋಪಾರಾದ ಸ್ತೂಪದಲ್ಲಿ ಸಿಕ್ಕ ವಸ್ತುಗಳು ಟೌನ್‌ಹಾಲಿನಲ್ಲಿವೆಯಂತೆ. ಏನವು? (ನಾಲಾಸೋಪಾರಾ)

ಉತ್ತರ: ಹೌದು. 1882ರಲ್ಲಿ ಪಂಡಿತ ಭಗವಾನ್‌ಲಾಲ್ ಇಂದ್ರಜಿ ನಿಮ್ಮೂರಿನ ಬುರುಡ ರಾಜನ ಕೋಟೆ ಎಂದು ಜನ ಕರೆಯುತ್ತಿದ್ದ ದಿಬ್ಬವನ್ನು ಅಗೆಸಿದರು. ನಡುವೆ ಇಟ್ಟಿಗೆಯ ಕೋಣೆಯಲ್ಲಿ ದುಂಡಗಿನ ಕಲ್ಲಿನ ಭರಣಿ. ಮುಚ್ಚಳ ತೆಗೆದರೆ ಮಧ್ಯದಲ್ಲಿ ಮೊಟ್ಟೆಯಾಕಾರದ ತಾಮ್ರದ ಕರಂಡಕ, ಸುತ್ತಲೂ ವೃತ್ತವಾಗಿ ಕೂತ ಎಂಟು ಕಂಚಿನ ಬುದ್ಧರು: ಹಿಂದಿನ ಏಳು ಬುದ್ಧರು ಮತ್ತು ಬರಲಿರುವ ಮೈತ್ರೇಯ. ತಾಮ್ರದೊಳಗೆ ಬೆಳ್ಳಿಯದು, ಬೆಳ್ಳಿಯೊಳಗೆ ಕಲ್ಲಿನದು, ಅದರೊಳಗೆ ಸ್ಫಟಿಕದ್ದು, ಕೊನೆಗೆ ಎಲ್ಲಕ್ಕಿಂತ ಚಿಕ್ಕದಾದ ಚಿನ್ನದ್ದು. ಆ ಚಿನ್ನದ ಪುಟ್ಟ ಕರಂಡಕದಲ್ಲಿ ಇದ್ದದ್ದು ಒಂದು ಮಣ್ಣಿನ ಬಟ್ಟಲಿನ ಚೂರುಗಳು. ಅದನ್ನು ಬುದ್ಧನ ಭಿಕ್ಷಾಪಾತ್ರೆಯ ತುಣುಕೆಂದು ಭಾವಿಸಿ ಇಟ್ಟಿದ್ದರು. ಇಷ್ಟು ಲೋಹ, ಇಷ್ಟು ಮುಚ್ಚಳ, ಎಲ್ಲವೂ ಮಡಕೆಯ ಚೂರಿಗಾಗಿ. ಜೊತೆಗೆ ಚಿನ್ನದ ಹೂಗಳೂ ಒಂದು ಶಾತವಾಹನ ಬೆಳ್ಳಿ ನಾಣ್ಯವೂ ಸಿಕ್ಕವು. ಇವನ್ನು ಸೊಸೈಟಿ ಭದ್ರವಾಗಿ ಇಟ್ಟುಕೊಂಡಿದೆ. ವಿಶೇಷ ಪ್ರದರ್ಶನದ ಪ್ರಕಟಣೆ ಬಂದಾಗ ತಪ್ಪಿಸಿಕೊಳ್ಳಬೇಡಿ.

ಪ್ರಶ್ನೆ: ಯುನೆಸ್ಕೊ ಪಟ್ಟಿಯಲ್ಲಿ ಟೌನ್‌ಹಾಲ್ ಇದೆಯೇ? (ಕಾಂದಿವಲಿ)

ಉತ್ತರ: ಇಲ್ಲ. 2018ರಲ್ಲಿ ಸೇರಿದ್ದು ಓವಲ್ ಮೈದಾನದ ಸುತ್ತಿನ ವಿಕ್ಟೋರಿಯನ್ ಗಾಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳ ಗುಂಪು. ಟೌನ್‌ಹಾಲ್ ಅವೆರಡಕ್ಕೂ ಮುಂಚಿನ ಶೈಲಿಯದು. ಮುಂಬಯಿಯ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಮಾತ್ರ ಅದು ಮೊದಲ ದರ್ಜೆಯಲ್ಲೇ ಇದೆ.

ಪ್ರಶ್ನೆ: ಟೌನ್‌ಹಾಲಿನಂಥ ಹಳೆಯ ಕಟ್ಟಡಗಳಿಗೆ ಸಿಮೆಂಟ್ ಬಳಸಬಾರದು ಅನ್ನುತ್ತಾರೆ. ನಮ್ಮದು ಗಿರ್ಗಾಂವ್‌ನ ನೂರು ದಾಟಿದ ಚಾಳ್. ಪ್ರತಿ ಮಳೆಗಾಲದ ನಂತರ ಗೋಡೆಯ ಗಾರೆ ಉದುರುತ್ತದೆ. ಗುತ್ತಿಗೆದಾರರು ಸಿಮೆಂಟೇ ಗಟ್ಟಿ ಅನ್ನುತ್ತಾರೆ. (ಗಿರ್ಗಾಂವ್)

ಉತ್ತರ: ಸಿಮೆಂಟ್ ಗಟ್ಟಿಯೇ, ತೊಂದರೆ ಇರುವುದೇ ಆ ಗಟ್ಟಿತನದಲ್ಲಿ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ಮಳೆಗಾಲದಲ್ಲಿ ನೀರು ಕುಡಿದು ಬೇಸಗೆಯಲ್ಲಿ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟಿನ ಪದರ ಹಾಕಿದರೆ ಒಳಗಿನ ತೇವಕ್ಕೆ ದಾರಿ ಸಿಗುವುದಿಲ್ಲ. ನೀರಿನೊಂದಿಗೆ ಬಂದ ಉಪ್ಪು ಪದರದ ಹಿಂದೆ ಹರಳುಗಟ್ಟಿ ಉಬ್ಬುತ್ತದೆ, ಸಿಮೆಂಟ್ ಹಾಳೆಹಾಳೆಯಾಗಿ ಕಳಚುವಾಗ ಮೃದುವಾದ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡೇ ಬೀಳುತ್ತದೆ. ಸಾಮಾನ್ಯವಾಗಿ ಮೂರನೇ ನಾಲ್ಕನೇ ಮಳೆಗಾಲಕ್ಕೆ ಇದು ಕಣ್ಣಿಗೆ ಬೀಳುತ್ತದೆ. ಮರದ ತೊಲೆಯ ತುದಿ ಅಂಥ ಗೋಡೆಯೊಳಗಿದ್ದರೆ ಹೊರಗೆ ಏನೂ ಕಾಣದೆಯೇ ಕೊಳೆಯುತ್ತದೆ, ಇದು ಎಲ್ಲಕ್ಕಿಂತ ಅಪಾಯ.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಒಡೆದ ಮಳೆನೀರಿನ ಪೈಪು, ಸೋರುವ ಮೋರಿ, ಗೋಡೆ ಸಂದಿಯಲ್ಲಿ ಬೇರುಬಿಟ್ಟ ಅರಳಿ ಗಿಡ, ಈ ಮೂರನ್ನು ಸರಿಮಾಡದೆ ಗಾರೆ ಮುಟ್ಟಿದರೆ ಹಣ ದಂಡ. ಅರಳಿಯನ್ನು ಕತ್ತರಿಸಿದರೆ ಸಾಲದು, ಬೇರು ತೆಗೆಯಬೇಕು.

ಗಾರೆಗೆ ಅರಳಿಸಿದ ಸುಣ್ಣವನ್ನು ನೀರಿನಡಿಯಲ್ಲಿ ಕಡಿಮೆಯೆಂದರೆ ಮೂರು ನಾಲ್ಕು ವಾರ ನೆನೆಯಲು ಬಿಡಿ. ಅರೆಬರೆ ಅರಳಿದ ಸುಣ್ಣದ ಹರಳು ಗೋಡೆಯ ಮೇಲೆ ಹೋದ ನಂತರ ಅರಳಿ ಅಲ್ಲಲ್ಲಿ ಗುಳಿ ಬೀಳುವುದು ಈ ಅವಸರದಿಂದಲೇ. ಒಂದು ಪಾಲು ಸುಣ್ಣದ ಮುದ್ದೆಗೆ ಎರಡೂವರೆಯಿಂದ ಮೂರು ಪಾಲು ತೊಳೆದ ಮರಳು. ಮುಂಬಯಿ ತೇವಕ್ಕೆ ಮರಳಿನಲ್ಲಿ ಒಂದು ಪಾಲಿನ ಬದಲು ಸುರ್ಕಿ, ಅಂದರೆ ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿ ಸೇರಿಸಿದರೆ ಬೇಗ ಹಿಡಿಯುತ್ತದೆ. ಸಮುದ್ರದ ಮರಳು ಬೇಡವೇ ಬೇಡ. ಗೋಡೆಯನ್ನು ಹಿಂದಿನ ದಿನವೇ ನೆನೆಸಿ, 10ರಿಂದ 12 ಮಿಲಿಮೀಟರಿನ ಪದರ ಹಾಕಿ, ಅದು ಬಿಗಿದ ಮೇಲೆ ಎರಡನೆಯದು. ಒಂದೇ ಸಲ ದಪ್ಪ ಮೆತ್ತಿದರೆ ಬಿರಿಯುತ್ತದೆ. ಹತ್ತು ದಿನವಾದರೂ ಒದ್ದೆ ಗೋಣಿ ಹೊದಿಸಿ ತೇವವಾಗಿಡಿ. ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ಇಷ್ಟು ಮಾಡಿದ್ದೂ ವ್ಯರ್ಥ. ತೆಳ್ಳಗೆ ನಾಲ್ಕೈದು ಸಲ ಸುಣ್ಣ ಹೊಡೆಯಿರಿ. ಕೆಲಸಕ್ಕೆ ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ.

ಕೈಹಚ್ಚುವ ಮುನ್ನ ಪಾಲಿಕೆಯ ಪಾರಂಪರಿಕ ಪಟ್ಟಿಯಲ್ಲಿ ನಿಮ್ಮ ಕಟ್ಟಡ ಅಥವಾ ಓಣಿಯ ದರ್ಜೆ ನೋಡಿಕೊಳ್ಳಿ. ಪಟ್ಟಿಯಲ್ಲಿದ್ದರೆ ಹೊರಮುಖ ಬದಲಿಸುವ ಕೆಲಸಕ್ಕೆ ಪರವಾನಗಿ ಬೇಕು. ಲೈಸೆನ್ಸ್ ಇರುವ ವಾಸ್ತುಶಿಲ್ಪಿಯ ಮೂಲಕ ಅರ್ಜಿ ಹಾಕುವುದು ಕ್ರಮ.

ಪ್ರಶ್ನೆ: ಊರಿನ ಮನೆ ಮಾರಿದಾಗ ಯಕ್ಷಗಾನ ಪ್ರಸಂಗದ ಓಲೆಗರಿಯ ಎರಡು ಕಟ್ಟು ಮತ್ತು ಹಳೆಯ ಪುಸ್ತಕಗಳ ಒಂದು ಪೆಟ್ಟಿಗೆ ನಮ್ಮ ಫ್ಲಾಟಿಗೆ ಬಂತು. ಏಷ್ಯಾಟಿಕ್‌ನವರು ಹಳೆಯ ಪುಸ್ತಕ ಹೇಗೆ ಕಾಪಾಡುತ್ತಾರೆ? ನಾವು ಮನೆಯಲ್ಲಿ ಏನು ಮಾಡಬಹುದು? (ಭಾಂಡುಪ್)

ಉತ್ತರ: ಅಲ್ಲೂ ನಿಮ್ಮಲ್ಲೂ ಶತ್ರು ಒಂದೇ, ಮುಂಬಯಿಯ ಹವೆ. ಕಾಗದಕ್ಕೆ ಗಾಳಿಯ ತೇವಾಂಶ ಶೇಕಡಾ 45ರಿಂದ 60ರ ಒಳಗಿದ್ದರೆ ಹಿತ. ಶೇಕಡಾ 65–70 ದಾಟಿದರೆ ಬೂಷ್ಟು ಏಳುತ್ತದೆ. ಜುಲೈಯಲ್ಲಿ ನಮ್ಮ ನಗರದಲ್ಲಿ ಅದು 80ರ ಮೇಲೆಯೇ ಇರುತ್ತದೆ. ಗ್ರಂಥಾಲಯದಲ್ಲಿ ತಜ್ಞರು ಹಾಳೆ ಬಿಡಿಸಿ, ಆಮ್ಲ ತೆಗೆದು, ಹರಿದ ಕಡೆ ಗೋಧಿ ಗಂಜಿಯಿಂದ ತೆಳುವಾದ ಜಪಾನಿ ಟಿಶ್ಯೂ ಅಂಟಿಸಿ, ಮತ್ತೆ ಹೊಲಿಯುತ್ತಾರೆ. ಒಂದು ಪುಸ್ತಕಕ್ಕೆ ಬಹಳ ಶ್ರಮ, ಬಹಳ ಖರ್ಚು. ಆ ಖರ್ಚನ್ನು ಹೊರಲು ಜನರಿಗೆ ಅವಕಾಶ ಕೊಡುವ ಪುಸ್ತಕ ದತ್ತು ಯೋಜನೆಯೂ ಸೊಸೈಟಿಯಲ್ಲಿದೆ. ಮಗುವಿನ ಹುಟ್ಟುಹಬ್ಬಕ್ಕೋ ತೀರಿಕೊಂಡವರ ನೆನಪಿಗೋ ಒಂದು ಗ್ರಂಥ ದತ್ತು ಪಡೆಯುವುದು ಒಳ್ಳೆಯ ಕೆಲಸ, ನಮ್ಮ ಸಂಘಗಳೂ ಯೋಚಿಸಬೇಕು.

ಮನೆಯಲ್ಲಿ: ಬಂದ ಪೆಟ್ಟಿಗೆಯನ್ನು ನೇರ ನಿಮ್ಮ ಪುಸ್ತಕದ ಕಪಾಟಿನ ಪಕ್ಕ ಇಡಬೇಡಿ. ಹುಳು ಇದ್ದರೆ ಹರಡುತ್ತದೆ. ಎರಡು ವಾರ ಬೇರೆ ಇಟ್ಟು, ಬಿಳಿ ಕಾಗದ ಹಾಸಿ, ಹಿಟ್ಟಿನಂಥ ಪುಡಿ ಬೀಳುತ್ತಿದೆಯೇ ನೋಡಿ. ಬಿದ್ದರೆ ಒಳಗೆ ಹುಳು ಜೀವಂತವಿದೆ. ಕಪಾಟನ್ನು ಹೊರಗೋಡೆಗೆ ಒರಗಿಸದೆ ಆರಿಂಚು ಬಿಡಿ. ಹಗಲು ಏಸಿ ಹಾಕಿ ರಾತ್ರಿ ಆರಿಸುವ ಕೋಣೆಗಿಂತ ಫ್ಯಾನ್ ಗಾಳಿಯ ಕೋಣೆಯೇ ವಾಸಿ, ಏಕೆಂದರೆ ತೇವ ಏರಿಳಿದಂತೆ ಕಾಗದ ಹಿಗ್ಗಿ ಕುಗ್ಗಿ ಬೇಗ ಸೋಲುತ್ತದೆ. ಸೆಲ್ಲೊಟೇಪ್ ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಅಕ್ಷರದೊಳಗೆ ಇಳಿಯುತ್ತದೆ. ಲ್ಯಾಮಿನೇಶನ್ ಮಾಡಿಸಿದರೆ ಮತ್ತೆ ಬಿಡಿಸಲಾಗುವುದಿಲ್ಲ. ಬೇವಿನ ಎಲೆ ಇಡುವುದಾದರೆ ಪೂರ್ತಿ ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ ಇಡಿ. ಹಸಿ ಎಲೆ ತೇವವನ್ನೇ ತರುತ್ತದೆ.

ಓಲೆಗರಿಯ ಕಟ್ಟು ಬಿಚ್ಚುವ ಮೊದಲು ಗರಿಗಳು ಒಂದಕ್ಕೊಂದು ಅಂಟಿವೆಯೇ ನೋಡಿ. ಅಂಟಿದ್ದರೆ ಎಳೆಯಲೇಬೇಡಿ, ತಜ್ಞರಿಗೇ ಬಿಡಿ. ಬಿಡಿಯಾಗಿದ್ದರೆ ಮೆತ್ತನೆಯ ಬ್ರಷ್‌ನಿಂದ ಗರಿಯ ಉದ್ದಕ್ಕೆ ಧೂಳು ತೆಗೆಯಿರಿ. ಎಣ್ಣೆ ಹಚ್ಚುವ ಮೊದಲೇ ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ, ಕಿಟಕಿಯ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಪಕ್ಕದಲ್ಲಿ ಚೀಟಿಯ ಮೇಲೆ ಗರಿಯ ಸಂಖ್ಯೆ ಬರೆದು. ಕಂಠದಿಂದ, ಅಂದರೆ ಚೂಪಾದ ಲೋಹದ ಕಡ್ಡಿಯಿಂದ, ಕೊರೆದ ಅಕ್ಷರವಾದರೆ ಹತ್ತಿಗೆ ಎರಡು ಹನಿ ಮಜ್ಜಿಗೆಹುಲ್ಲಿನ ಎಣ್ಣೆ ಹಾಕಿ ತೆಳ್ಳಗೆ ಸವರಬಹುದು. ಗರಿ ಮೆತ್ತಗಾಗುತ್ತದೆ, ಹುಳು ದೂರವಿರುತ್ತದೆ. ಶಾಯಿಯಿಂದ ಬರೆದದ್ದಾದರೆ ಎಣ್ಣೆ ಮುಟ್ಟಿಸಬೇಡಿ. ಅನುಮಾನವಿದ್ದರೆ ಬರಹವಿಲ್ಲದ ಅಂಚಿನಲ್ಲಿ ಮೊದಲು ಪರೀಕ್ಷಿಸಿ. ಮತ್ತೆ ಕಟ್ಟುವಾಗ ಗರಿಗಿಂತ ಅರ್ಧ ಇಂಚು ದೊಡ್ಡದಾದ ಮರದ ಹಲಗೆಗಳ ನಡುವೆ ಇಟ್ಟು, ದಾರವನ್ನು ಬಿಗಿಯದೆ ಸುತ್ತಿ, ಬಿಳುಪು ಮಾಡದ ಹತ್ತಿ ಬಟ್ಟೆಯಲ್ಲಿ ಕಟ್ಟಿ. ಪ್ಲಾಸ್ಟಿಕ್ ಚೀಲ ಬೇಡ. ವರ್ಷಕ್ಕೆರಡು ಸಲ, ಮಳೆಗಾಲ ಮುಗಿದ ಮೇಲೆ ಒಮ್ಮೆ ಮತ್ತು ಮೇ ತಿಂಗಳಿನಲ್ಲೊಮ್ಮೆ, ನೆರಳಿನಲ್ಲಿ ಬಿಚ್ಚಿ ಗಾಳಿಯಾಡಿಸಿ.